ಆಮೆಮೂಲೆಯ ಅಮಾವಾಸ್ಯೆ

ಮೊಳೆಗೆ ಅಂಟಿದ್ದ ಮಣ್ಣು ಕೆಂಪಗಿತ್ತು.

ಯಶೋಧರಾ ಅದನ್ನು ಉಗುರಿನಿಂದ ಕೆರೆದು ಅಂಗೈಗೆ ಉದುರಿಸಿಕೊಂಡಳು. ಟೆಂಟನ್ನು ನೆಲಕ್ಕೆ ಬಿಗಿಯುವ ಗೇಣುದ್ದದ ಕಬ್ಬಿಣದ ಮೊಳೆ ಅದು. ತುದಿಯ ಕೊಕ್ಕೆಯ ಸಂದಿಯಲ್ಲಿ ಮಣ್ಣು ಗಾರೆಯ ಹಾಗೆ ಗಟ್ಟಿಯಾಗಿ ಕೂತಿತ್ತು. ಅದರಲ್ಲಿ ಸಾಸಿವೆ ಗಾತ್ರದ ಕಂದು ಹರಳುಗಳು. ಮೊಳೆಗಳ ಪ್ಲಾಸ್ಟಿಕ್ ಚೀಲದಿಂದ ಇನ್ನೊಂದು ತೆಗೆದಳು. ಅದರಲ್ಲೂ ಅದೇ ಮಣ್ಣು, ಅದೇ ಹರಳು.

"ಏನತ್ತಿಗೆ, ಮೊಳೆಗೂ ಪರೀಕ್ಷೆ ಇಟ್ಟಿದ್ದೀರಾ? ಪಾಸೋ, ಫೇಲೋ?" ತವರುಮನೆಯ ಅಟ್ಟದಿಂದ ಸಣ್ಣ ಗ್ಯಾಸ್ ಸ್ಟೋವ್ ಇಳಿಸುತ್ತಾ ದಿವ್ಯ ಕೇಳಿದಳು.

"ತುಕ್ಕು ಹಿಡಿದಿದೆಯಾ ಅಂತ ನೋಡ್ತಿದ್ದೆ ಅಷ್ಟೇ."

ಸುಳ್ಳು. ಎರಡು ತಿಂಗಳ ಹಿಂದೆ ಇದೇ ಟೆಂಟಿನಲ್ಲಿ ಯಶೋಧರಾಳ ತಮ್ಮ, ದಿವ್ಯಳ ಗಂಡ ಜಗನ್ ಸತ್ತಿದ್ದ. ಬೈಂದೂರಿನಾಚೆ ಆಮೆಮೂಲೆ ಎಂಬ ಪುಟ್ಟ ಮರಳಿನ ಕೊಲ್ಲಿಯಲ್ಲಿ, ಅಮಾವಾಸ್ಯೆಯ ರಾತ್ರಿ, ಉಬ್ಬರದ ನೀರು ಅವನನ್ನು ಮಲಗಿದ್ದಂತೆಯೇ ನುಂಗಿತ್ತು. ಗೆಳೆಯರನ್ನೆಲ್ಲ ಕಡಲ ದಂಡೆಯ ಚಾರಣಕ್ಕೆ ಕರೆದೊಯ್ಯುವ ಮೊದಲು ದಾರಿ ನೋಡಿಬರಲು ಒಬ್ಬನೇ ಹೋಗಿದ್ದ. ಟೆಂಟು ಮರಳಿನ ಮೇಲಿತ್ತು, ಹುಡುಗನಿಗೆ ಸಮುದ್ರ ಗೊತ್ತಿರಲಿಲ್ಲ, ಆಕಸ್ಮಿಕ ಎಂದು ಅಲ್ಲಿನ ಪೊಲೀಸರು ಕೈತೊಳೆದುಕೊಂಡಿದ್ದರು.

"ನಿಮ್ಮ ಕಪಿಲಾ ನದೀಲಿ ಡ್ಯಾಮ್ ಬಿಟ್ಟರೆ ಮಾತ್ರ ನೀರು ಏರೋದು, ಅಲ್ವಾ ಮೇಡಂ?" ಎಂದಿದ್ದ ಅಲ್ಲಿನ ಪೇದೆ, ಪಾಪ, ಸಮಾಧಾನ ಮಾಡುವ ದನಿಯಲ್ಲಿ. "ಸಮುದ್ರಕ್ಕೆ ಸೈರನ್ ಇಲ್ಲ ನೋಡಿ."

ಯಶೋಧರಾ ಅದನ್ನು ಅವತ್ತೂ ನಂಬಿರಲಿಲ್ಲ. ನಂಜನಗೂಡಿನ ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುವ ಅವಳೇ ತಮ್ಮನಿಗೆ ಉಬ್ಬರ ಇಳಿತ ವಿವರಿಸಿದ್ದಳು, ಅದೂ ಊಟದ ತಟ್ಟೆಯಲ್ಲಿ. ಮುದ್ದೆ ಭೂಮಿ, ಈರುಳ್ಳಿ ಚಂದ್ರ, ಉಪ್ಪಿನಕಾಯಿ ಸೂರ್ಯ. "ಅಂದ್ರೆ ಅಮಾವಾಸ್ಯೆ ದಿನ ಈರುಳ್ಳಿ, ಉಪ್ಪಿನಕಾಯಿ ಒಂದೇ ಕಡೆ ಕೂತು ಸಾರನ್ನ ಎಳೀತವೆ," ಎಂದು ಜಗನ್ ನಕ್ಕಿದ್ದ. "ಸಂಜೆ ನೀರು ಹಿಂದಕ್ಕೆ ಹೋಗಿ ದಂಡೆ ಮೈದಾನದ ಹಾಗೆ ಕಾಣುತ್ತೆ. ನಂಬಿ ಮಲಗಿದ್ರೆ ಮಧ್ಯರಾತ್ರಿ ಹೊತ್ತಿಗೆ ಕಥೆ ಮುಗೀತು. ಗೊತ್ತಾಯ್ತು ಬಿಡಕ್ಕ, ನಾನು ಮೇಲೇ ಮಲಗ್ತೀನಿ."

ಮೇಲೇ ಮಲಗ್ತೀನಿ ಎಂದವನು ಕೆಳಗೆ ಯಾಕೆ ಮಲಗಿದ?

ಅಂಗೈಯ ಮಣ್ಣನ್ನು ಅವಳು ಇನ್ನೊಮ್ಮೆ ನೋಡಿದಳು. ಟೆಂಟು ಹೊಚ್ಚಹೊಸದು. ಕೊಂಡ ಮೇಲೆ ಊರ ಕಡೆ ಅದನ್ನು ಹಾಕಿ ನೋಡಿದ್ದು ಒಂದೇ ಸಲ, ಅದೂ ತಲಕಾಡಿನ ಮರಳಲ್ಲಿ. ಪೊಲೀಸರು ಗೋಣಿಚೀಲದಲ್ಲಿ ಹೊಲಿದು ಕೊಟ್ಟಿದ್ದನ್ನು ಇವತ್ತಿನವರೆಗೆ ಯಾರೂ ಬಿಚ್ಚಿರಲಿಲ್ಲ. ಈ ಹರಳು ಸೇರಿದ ಕೆಂಪು ಮಣ್ಣು ಜಂಬಿಟ್ಟಿಗೆ ನೆಲದ್ದು. ಕಡಲಂಚಿನ ಗುಡ್ಡದ ಮೇಲೆ ಇರುತ್ತದೆ, ಕೆಳಗಿನ ಮರಳಿನಲ್ಲಿ ಇರುವುದಿಲ್ಲ.

ಯಶೋಧರಾ ಒಂದು ಮೊಳೆಯನ್ನು ಕರವಸ್ತ್ರದಲ್ಲಿ ಸುತ್ತಿ ಕೈಚೀಲಕ್ಕೆ ಇಳಿಬಿಟ್ಟಳು.

ಹೊರಗೆ ಬೊಲೆರೋ ಬಂದು ನಿಂತ ಸದ್ದಾಯಿತು. ದಿವ್ಯಳ ಅಣ್ಣ ಮಾದೇಶ್ ಒಳಗೆ ಬಂದ. ಕೈಯಲ್ಲಿ ಹಗ್ಗದ ಸುರುಳಿ, ಮೈಯೆಲ್ಲ ಗ್ರೀಸು. ಟಿ. ನರಸೀಪುರದಲ್ಲಿ ಸ್ವಂತ ಗಾಡಿ ಇಟ್ಟುಕೊಂಡು ಬಾಡಿಗೆ ಹೊಡೆಯುವವನು. ಮಾತು ಕಡಿಮೆ.

"ಅಕ್ಕೋ, ಯಾವಾಗ್ ಬಂದ್ರಿ?"

"ಈಗ್ಗೆ ಸ್ವಲ್ಪ ಹೊತ್ತಾಯ್ತು. ಗಾಡಿ ರೆಡಿಯಾ?"

"ಬ್ರೇಕು, ಆಯ್ಲು ಎಲ್ಲಾ ನೋಡ್ಸಿದೀನಿ. ಮಡಿಕೇರಿ ಘಾಟಿ ಅಲ್ವರಾ."

ಹೊರಡುವುದು ಶನಿವಾರ ಮುಂಜಾನೆ. ಇವತ್ತು ಗುರುವಾರ. ಮೈಸೂರು, ಮಡಿಕೇರಿ, ಮಂಗಳೂರು ದಾಟಿ ಕಡಲ ಪಕ್ಕದಲ್ಲೇ ಉತ್ತರಕ್ಕೆ, ಸಂಜೆಗೆ ಬೈಂದೂರಿನಾಚೆ. ಮಾರನೆಯ ದಿನದಿಂದ ದಿವ್ಯ ಚೀಲ ಬೆನ್ನಿಗೇರಿಸಿ ದಂಡೆಗುಂಟ ನಡೆಯುವುದು, ಮಾದೇಶ್ ಗಾಡಿ ತಂದು ಮುಂದಿನ ಊರಲ್ಲಿ ಕಾಯುವುದು. ಜಗನ್ ಹಾಕಿದ್ದ ಪ್ಲಾನು ಅದು. ಅವನು ಹೋದ ಮೇಲೆ ಗೆಳೆಯರು ಒಬ್ಬೊಬ್ಬರಾಗಿ ಹಿಂದೆ ಸರಿದರು. ದಿವ್ಯ ಸರಿಯಲಿಲ್ಲ. ನಮ್ಮವರು ಅರ್ಧಕ್ಕೆ ಬಿಟ್ಟದ್ದನ್ನು ಮುಗಿಸಿ ಬರ್ತೀನಿ ಎಂದು ಹಟ ಹಿಡಿದಿದ್ದಳು.

"ಮನೇಲಿ ಮಂಚ ಮಡಿಕ್ಕಂಡು ಮಳಲಲ್ಲಿ ಮಲಗಕ್ಕೆ ಯಾಕವ್ವಾ ಓಗ್ಬೇಕು?" ದಿವ್ಯ, ಮಾದೇಶರ ತಾಯಿ ಮರಿತಾಯಮ್ಮ ಅಡುಗೆಮನೆಯಿಂದಲೇ ಕೂಗಿದಳು. ಹುರಿಗಡಲೆ ಚಟ್ನಿಪುಡಿಯ ಘಮ ಅವಳಿಗಿಂತ ಮೊದಲು ಹೊರಗೆ ಬಂತು. "ಒಬ್ಬ ಓಗಿದ್ದು ಸಾಲ್ದಾ?"

"ಅವ್ವಾ, ಶುರು ಮಾಡ್ಬೇಡ," ಅಂದಳು ದಿವ್ಯ.

"ನಾನೇನ್ ಸುರು ಮಾಡ್ನೆ? ಅವಲಕ್ಕಿ ಕಟ್ಲಾ, ಬ್ಯಾಡ್ವಾ, ಅದೇಳು."

"ಕಟ್ಟು. ರಸಬಾಳೆನೂ ಇಡು."

"ಬಾಳೆಹಣ್ಣು ಘಾಟಿ ಇಳಿಯೋದ್ರೊಳಗೆ ಪಾಯಸ ಆಗೋಯ್ತದೆ ಕಣ್ ದಿವಿ," ಅಂದ ಮಾದೇಶ್.

ದಿವ್ಯ ನಕ್ಕಳು. ಎರಡು ತಿಂಗಳಲ್ಲಿ ಅವಳು ನಕ್ಕಿದ್ದನ್ನು ಯಶೋಧರಾ ನೋಡಿದ್ದು ಇದೇ ಮೊದಲು. ನಾಡಿದ್ದು ರಾತ್ರಿ ಈ ಹುಡುಗಿ ಅದೇ ಕೊಲ್ಲಿಯಲ್ಲಿ, ಅದೇ ಟೆಂಟಿನಲ್ಲಿ ಮಲಗುತ್ತಾಳೆ. ಜಗನ್‌ನನ್ನು ಯಾರೋ ಕೆಳಗೆ ಮಲಗಿಸಿದ್ದೇ ನಿಜವಾದರೆ, ಆ ಯಾರೋ ಯಾರು ಎಂದು ಗಾಡಿ ಹೊರಡುವ ಮೊದಲೇ ತಿಳಿಯಬೇಕು. ಬರೀ ಅನುಮಾನ ಹೇಳಿದರೆ ದಿವ್ಯ ಕೇಳುವವಳಲ್ಲ.

ದಿವ್ಯ ಚಾಪೆಯ ಮೇಲೆ ಕೂತು ಫೋನಿನಲ್ಲಿ ನಕ್ಷೆ ತೆರೆದಳು. "ಮೊದಲನೇ ರಾತ್ರಿ ಆಮೆಮೂಲೆ."

"ಬೇರೆ ಕಡೆ ಮಾಡಬಹುದಲ್ಲ?" ಅಂದಳು ಯಶೋಧರಾ.

"ಅವರು ಅಲ್ಲೇ ಅಂದಿದ್ರು ಅತ್ತಿಗೆ."

"ಗಾಡಿ ಎಲ್ಲಿ ಬಿಡ್ತೀಯ ಮಾದೇಶ?"

"ಗುಡಿ ಹಿಂದ್ಗಡೆ. ಗೇರುಮರ ಅವೆ, ನೆರಳಾಯ್ತದೆ. ಅಲ್ಲೀಗಂಟ ಗಾಡಿ ಓಯ್ತದೆ."

ಯಶೋಧರಾ ಫೋನು ಇಸಿದುಕೊಂಡು ನಕ್ಷೆಯನ್ನು ಹಿಗ್ಗಿಸಿದಳು. ಹೆದ್ದಾರಿಯಿಂದ ಕಡಲಿನವರೆಗೆ ಬರೀ ಹಸಿರು. ದಾರಿಯ ಗೆರೆ ಇಲ್ಲ, ಗುಡಿಯ ಗುರುತಿಲ್ಲ, ಮರದ ಮಾತಂತೂ ಕೇಳಲೇಬೇಡಿ. ಜಗನ್‌ನ ಹೆಣ ತರಲು ಅವಳು, ಮಾದೇಶ್ ಇಬ್ಬರೂ ಹೋಗಿದ್ದರು, ನಿಜ. ಆದರೆ ಹೋಗಿದ್ದು ಆಸ್ಪತ್ರೆಗೆ, ಠಾಣೆಗೆ. ಆಮೆಮೂಲೆಯನ್ನು ಇಬ್ಬರೂ ನೋಡಿರಲಿಲ್ಲ.

"ಅಲ್ಲಿ ಗುಡಿ ಇದೆ ಅಂತ ಯಾರು ಹೇಳಿದ್ರು?"

ಮಾದೇಶ್ ಹಗ್ಗದ ಸುರುಳಿಯನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದ. "ಜಗನೇ. ಫೋನಲ್ಲಿ ಏಳಿದ್ದ."

ಇರಬಹುದು. ಜಗನ್ ಅಲ್ಲಿಂದ ಎಲ್ಲರಿಗೂ ಫೋನು ಮಾಡಿದ್ದ. ಅಲ್ಲದೆ ಮಾದೇಶ್‌ನ ಮೇಲೆ ಬೆರಳು ತೋರಿಸಲು ಸಾಧ್ಯವೇ ಇರಲಿಲ್ಲ. ಜಗನ್ ಸತ್ತ ಬುಧವಾರ ಅಮಾವಾಸ್ಯೆ, ಮತ್ತು ಅಮಾವಾಸ್ಯೆಯ ದಿನ ಮಾದೇಶ್ ಈ ಮನೆ ಬಿಟ್ಟು ಕದಲುವುದಿಲ್ಲ. ಮನೆದೇವರು ಮಾದಪ್ಪನ ಒಕ್ಕಲು. ಸಂಜೆ ಪೂಜೆ, ಆಮೇಲೆ ಬಂದವರಿಗೆಲ್ಲ ಊಟ. ಅವತ್ತೂ ಬಡಿಸಿದ್ದು ಅವನೇ ಎಂದು ಇಡೀ ಬೀದಿ ಹೇಳಿತ್ತು. ಯಶೋಧರಾ ನಾಲ್ಕಾರು ಮನೆಗಳಲ್ಲಿ ಬೇರೆ ಬೇರೆಯಾಗಿ ಕೇಳಿ ನೋಡಿದ್ದಳು. ಅಮಾವಾಸ್ಯೆ ದಿನ ಮಾದೇಶ ಇಲ್ಲೇ ಇದ್ದ ಕಣವ್ವ, ನಮ್ ಎಲೆಗೆ ಅನ್ನ ಇಕ್ಕಿದ್ದೇ ಅವನು.

ಆ ಪೂಜೆಯನ್ನೇ ಹಿಡಿದು ಪ್ರಯಾಣವನ್ನು ಒಂದೆರಡು ದಿನ ತಳ್ಳಬಹುದೇನೋ ಎಂದು ಅವಳಿಗೆ ಈಗ ಹೊಳೆಯಿತು.

"ಅಲ್ಲ, ಶನಿವಾರ ಅಮಾವಾಸ್ಯೆ," ಗೋಡೆಯ ಕ್ಯಾಲೆಂಡರಿನ ಕಪ್ಪು ಚುಕ್ಕೆಯನ್ನು ತೋರಿಸಿದಳು. "ಪೂಜೆ ಬಿಟ್ಟು ಹೇಗೆ ಹೊರಡ್ತೀರಿ? ಅವ್ವನಿಗೆ ಬೇಜಾರಾಗಲ್ವಾ? ಸೋಮವಾರ ಹೋಗಿ."

ಮರಿತಾಯಮ್ಮ ಸೆರಗಿಗೆ ಕೈ ಒರೆಸುತ್ತಾ ಬಂದಳು. "ಪೂಜೆ ನಾಳೀಕೆ ಕಣವ್ವ. ಸುಕ್ರವಾರ."

"ಕ್ಯಾಲೆಂಡರಲ್ಲಿ ಶನಿವಾರ ಅಂತಿದೆ?"

"ಅವರು ಒತ್ತಾರೆಗೆ ಯಾವ ತಿಥಿ ಅಂತ ನೋಡಿ ಆಕ್ತಾರೆ. ನಮ್ ಮಾದಪ್ಪುಂದು ದೀಪ ಅಚ್ಚೋ ಒತ್ತಿನ ಪೂಜೆ. ಸಂಜಿಗೆ ಅಮಾಸೆ ಸಿಕ್ಕೋ ದಿನಾನೇ ನಮಗಮಾಸೆ. ನಾಳೆ ಮದ್ಯಾನ ಇಡ್ಕತದೆ, ಸನಿವಾರ ಮದ್ಯಾನ ಬುಡ್ತದೆ. ಸನಿವಾರ ಸಂಜಿಗೆ ಎಲ್ಲದೆ ಅಮಾಸೆ?"

"ಓ," ಅಂದಳು ಯಶೋಧರಾ.

ಬದನವಾಳಿನ ಅವಳ ಹಿರಿಯರ ಮನೆಯಲ್ಲಿ ಅಜ್ಜನ ಕಾಲಕ್ಕೇ ಬುದ್ಧ ಬಂದಿದ್ದ. ಬುದ್ಧನ ಹುಣ್ಣಿಮೆಯೊಂದನ್ನು ಬಿಟ್ಟರೆ ಬೇರೆ ತಿಥಿಯ ಗೊಡವೆ ಅಲ್ಲಿರಲಿಲ್ಲ. ಅವಳ ಮಟ್ಟಿಗೆ ಅಮಾವಾಸ್ಯೆ ಎಂದರೆ ಕ್ಯಾಲೆಂಡರಿನ ಕಪ್ಪು ಚುಕ್ಕೆ. ಒಂದು ಚುಕ್ಕೆಗೆ ಒಂದು ದಿನ. ಅದಕ್ಕೆ ಎರಡು ಮನೆಗಳಲ್ಲಿ ಎರಡು ದಿನ ಇರಬಹುದು ಎಂದು ಅವಳು ಯೋಚಿಸಿಯೇ ಇರಲಿಲ್ಲ.

ಅವಳು ಕ್ಯಾಲೆಂಡರಿನ ಹಾಳೆಯನ್ನು ಎರಡು ತಿಂಗಳು ಹಿಂದಕ್ಕೆ ಮಗುಚಿದಳು.

"ಹೋದ ಸಲ... ಜಗನ್ ಹೋದಾಗಲೂ ಹೀಗೇ ಆಗಿತ್ತಾ ಅವ್ವ?" ದನಿಯನ್ನು ಆದಷ್ಟು ಹಗುರವಾಗಿಟ್ಟಳು.

"ಊಂ ಕಣವ್ವ. ಬುದುವಾರ ಅಂತ ಕ್ಯಾಲೆಂಡರ್ದು. ನಾವು ಮಂಗಳವಾರನೇ ಮಾಡುದ್ವಿ." ಮರಿತಾಯಮ್ಮನ ಕಣ್ಣು ತುಂಬಿತು. "ಮಾದಪ್ಪ ಉಂಡು ಓಗಿ ಎರಡು ದಿನಕ್ಕೆ ಆ ಸುದ್ದಿ ಬಂತಲ್ಲವ್ವ."

ದಿವ್ಯ ಎದ್ದು ತಾಯಿಯನ್ನು ಒಳಗೆ ಕರೆದೊಯ್ದಳು.

ಯಶೋಧರಾ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಒಂದು ಅಮಾವಾಸ್ಯೆಯಿಂದ ಇನ್ನೊಂದಕ್ಕೆ ಅರ್ಧ ದಿನದ ಕೊಸರು ಉಳಿಯುತ್ತದೆ. ಎರಡು ಸೇರಿದರೆ ಕೊಸರು ಹೆಚ್ಚುಕಡಿಮೆ ಮುಚ್ಚಿಹೋಗುತ್ತದೆ. ಹಾಗಾಗಿ ಒಂದು ತಿಂಗಳು ಬಿಟ್ಟು ಮತ್ತೊಂದು ತಿಂಗಳಿಗೆ ತಿಥಿ ಸುಮಾರಾಗಿ ಅದೇ ಹೊತ್ತಿಗೆ ಹಿಡಿಯುತ್ತದೆ. ಮರಿತಾಯಮ್ಮ ಹೇಳಿದ್ದು ಸರಿ. ಬೀದಿಯ ಜನ ಹೇಳಿದ್ದೂ ಸರಿ. ಅಮಾವಾಸ್ಯೆ ದಿನ ಮಾದೇಶ್ ಅವರ ಎಲೆಗೆ ಅನ್ನ ಇಕ್ಕಿದ್ದ. ಆದರೆ ಅದು ಮಂಗಳವಾರ. ಬುಧವಾರ ಅವನು ಎಲ್ಲಿದ್ದ ಎಂದು ಅವಳು ಯಾರನ್ನೂ ಕೇಳಿರಲೇ ಇಲ್ಲ.

ತಲೆ ಎತ್ತಿದಾಗ ಮಾದೇಶ್ ಅಲ್ಲಿ ಇರಲಿಲ್ಲ.

ಅವನು ಮನೆಯ ಹಿಂದೆ, ನಾಲೆಯ ಏರಿಯ ಪಕ್ಕ ನಿಲ್ಲಿಸಿದ್ದ ಬೊಲೆರೋ ಹತ್ತಿರ ಇದ್ದ. ಟೆಂಟಿನ ಗಂಟನ್ನು ಗಾಡಿಯ ನೆತ್ತಿಗೆ ಹಾಕಿ ಹಗ್ಗ ಬಿಗಿಯುತ್ತಿದ್ದ. ಬಿಸಿಲು ಇಳಿದಿತ್ತು. ನಾಲೆಯಾಚೆ ಭತ್ತದ ಕೂಳೆಯಲ್ಲಿ ಬಾತುಕೋಳಿಗಳು ಗಲಾಟೆ ಎಬ್ಬಿಸಿದ್ದವು.

"ಇವತ್ತೇ ಯಾಕೆ ಕಟ್ತಿದ್ದೀಯ?"

"ನಾಳೆ ಪೂಜೆ ಕೆಲಸ ಇರ್ತದಲ್ಲಕ್ಕ."

"ಅವತ್ತು ಬುಧವಾರ ಎಲ್ಲಿದ್ದೆ ಮಾದೇಶ?"

ಹಗ್ಗ ಎಳೆಯುತ್ತಿದ್ದ ಕೈ ನಿಂತಿತು. ಅವನು ತಿರುಗಲಿಲ್ಲ. "ಅವತ್ತು ಅಮಾಸೆ..."

"ಅಮಾವಾಸ್ಯೆ ಮಂಗಳವಾರ. ಅವ್ವ ಈಗ ತಾನೆ ಹೇಳಿದ್ರು. ಬುಧವಾರ?"

"ಬಾಡಿಗೆ ಇತ್ತು."

"ಎಲ್ಲಿಗೆ?"

"ಗ್ಯಾಪ್ನ ಇಲ್ಲ. ಸುಮಾರ್ ಬಾಡಿಗೆ ಓಯ್ತೀನಿ, ಎಲ್ಲಾ ಗ್ಯಾಪ್ನ ಇರ್ತದಾ?"

"ಬಾವ ಸತ್ತ ದಿನ ಗಾಡಿ ಎಲ್ಲಿಗೆ ಹೋಗಿತ್ತು ಅಂತ ಜ್ಞಾಪಕ ಇಲ್ಲ. ಆ ಗುಡಿ ಹಿಂದೆ ಇರೋದು ಗೇರುಮರ ಅಂತ ಮಾತ್ರ ಚೆನ್ನಾಗಿ ಜ್ಞಾಪಕ ಇದೆ." ಅವಳು ಎರಡು ಹೆಜ್ಜೆ ಮುಂದಿಟ್ಟಳು. "ನನ್ನ ತಮ್ಮನ ಟೆಂಟನ್ನ ಕೆಳಗೆ ಮರಳಿಗೆ ಇಳಿಸಿದ್ದು ಯಾರು?"

ಈಗ ಅವನು ತಿರುಗಿದ. ಮುಖದಲ್ಲಿ ಸಿಟ್ಟಿರಲಿಲ್ಲ. ಬೆಚ್ಚಿಬಿದ್ದವನ ಮುಖ ಅದು.

"ಇಳಿಸಿದ್ರು ಅಂತ ನಿಮಗ್ಯಾರು ಏಳುದ್ರು?"

"ಯಾರೂ ಹೇಳಲಿಲ್ಲ." ಅವಳು ಕರವಸ್ತ್ರ ಬಿಡಿಸಿ ಮೊಳೆಯನ್ನು ಬಾನೆಟ್ಟಿನ ಮೇಲಿಟ್ಟಳು. "ಮರಳಲ್ಲಿ ನೆಟ್ಟ ಮೊಳೆಗೆ ಗುಡ್ಡದ ಮಣ್ಣು ಅಂಟಲ್ಲ. ಮೊದಲು ಮೇಲೆ ನೆಟ್ಟಿದ್ರು. ಕಿತ್ತು ಕೆಳಗೆ ತಂದಿದ್ದಾರೆ. ಮೊಳೆ ಬಾಯಿ ಬಿಗಿದ ಅದರ ಚೀಲದಲ್ಲೇ ಉಳಿದಿದ್ರಿಂದ ಮಣ್ಣು ತೊಳೆದುಹೋಗಲಿಲ್ಲ. ಮರಳಿನ ಮೇಲೆ ಟೆಂಟಿಗೆ ಮೊಳೆನೇ ಹೊಡೆದಿರಲಿಲ್ಲ ಮಾದೇಶ. ರಾತ್ರಿ ಮಲಗೋನು ಹಾಗೆ ಹಾಕ್ತಾನಾ?"

ಮಾದೇಶ್ ಮೊಳೆಯನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿ ಮತ್ತೆ ಬಾನೆಟ್ಟಿನ ಮೇಲಿಟ್ಟ. ಆಮೇಲೆ ಗಾಡಿಯ ಚಕ್ರಕ್ಕೆ ಒರಗಿ ಕುಕ್ಕರುಗಾಲಲ್ಲಿ ಕೂತುಬಿಟ್ಟ.

"ನಾನು ಓದಾಗ ಟೆಂಟು ಮ್ಯಾಲೇ ಇತ್ತು," ಅಂದ. "ಗುಡಿ ಪಕ್ಕದಲ್ಲಿ. ಚೆಂದಾಗಿ ಬಿಗಿದಿದ್ದ. ನಿಮ್ ತಮ್ಮ ದಡ್ಡ ಅಲ್ಲಕ್ಕ."

ಎರಡು ತಿಂಗಳಿಂದ ಈ ಒಂದು ಮಾತನ್ನು ಯಾರಾದರೂ ಹೇಳಲಿ ಎಂದು ಅವಳು ಕಾದಿದ್ದಳು. ಹೇಳಿದವನು ಇವನು.

"ಯಾಕೆ ಹೋಗಿದ್ದೆ?"

"ಕರುದ್ರು, ಓದೆ."

"ಜಗನ್ ಕರೆದನಾ?"

ಅವನು ಇಲ್ಲವೆಂದು ತಲೆ ಅಲ್ಲಾಡಿಸಿದ. ಮನೆಯ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದ. "ಅವತ್ತು ಅಮಾಸೆ, ಪೂಜೇಲಿದ್ದೆ ಅಂತ ನಿಮಗೆ ಏಳಿದ್ದು ನಾನೊಬ್ನೇನಾ ಅಕ್ಕ?"

ಬಾತುಕೋಳಿಗಳ ಸದ್ದು ದೂರ ಸರಿದಂತಾಯಿತು.

'ಅಮಾವಾಸ್ಯೆಗೆ ಅವ್ವನ ಮನೆಗೆ ಹೋಗಿಬರ್ತೀನಿ ಅತ್ತಿಗೆ.' ಎರಡು ತಿಂಗಳ ಹಿಂದೆ, ಹೆಗಲಿಗೆ ಚೀಲ ಹಾಕಿಕೊಂಡು ನಂಜನಗೂಡಿನ ಮನೆಯ ಬಾಗಿಲಲ್ಲಿ ನಿಂತ ದಿವ್ಯ. ಬುಧವಾರ ಪೂರ್ತಿ ಅವಳು ಇಲ್ಲೇ, ತಾಯಿಯ ಪಕ್ಕದಲ್ಲೇ ಇದ್ದಳು ಎಂದು ಯಶೋಧರಾ ನಂಬಿದ್ದು ಕೂಡ ಅದೇ ಕಪ್ಪು ಚುಕ್ಕೆಯನ್ನು ನೋಡಿ.

"ಮಂಗಳವಾರ ಪೂಜೆ ಮುಗುದ್ಮೇಲೆ, ನಂಜನಗೂಡಿಗೆ ಓಯ್ತೀನಿ ಅಂತ ಅವ್ವಂಗೆ ಏಳಿ ಓದ್ಲು," ಅಂದ ಮಾದೇಶ್. "ಅವ್ವ ನಿಮ್ಮನೇಲವ್ಳೆ ಅಂದ್ಕತು. ನೀವು ಇಲ್ಲವ್ಳೆ ಅಂದ್ಕಂಡ್ರಿ. ಬೆಳಗ್ಗೆ ನನಗೆ ಫೋನ್ ಬಂತು. ಅಣ್ಣ, ಬೈಂದೂರತ್ರ ಇದೀನಿ, ಬಂದು ಕರ್ಕಂಡೋಗು ಅಂತ. ಅಳ್ತಿದ್ಲು. ಯಾಕೆ ಅಂದ್ರೆ ಏಳ್ನಿಲ್ಲ. ಒಂದೇ ಉಸುರ್ಗೆ ಓದೆ. ಒತ್ತು ಮುಳುಗ್ತಿತ್ತು. ಗುಡಿ ಮೆಟ್ಲು ಮ್ಯಾಲೆ ಕೂತಿದ್ಲು."

"ಜಗನ್?"

"ಅದನ್ನೇ ಕೇಳ್ದೆ. ಮಲಗವ್ರೆ, ಎಬ್ಬಿಸ್ಬೇಡ ಅಂದ್ಲು. ನೀನು ರೋಡಿಗೆ ಗಾಡಿ ತಿರುಗ್ಸು, ಬ್ಯಾಗ್ ತಗಂಡ್ ಬತ್ತೀನಿ ಅಂದ್ಲು. ಬ್ಯಾಗ್ ತರಕ್ಕೆ ಎಷ್ಟೊತ್ತು ಬೇಕಕ್ಕ? ಕತ್ಲೆ ಕವೀತು. ಬಂದಾಗ ಮಂಡಿಗಂಟ ಒದ್ದೆ. ಕಾಲು ತೊಳ್ಕಂಡೆ ಅಂದ್ಲು. ದಾರಿ ಪೂರ್ತಿ ಮಾತಿಲ್ಲ. ಬೆಳಕರಿಯೋ ಒತ್ಗೆ ನೋಡ್ತೀನಿ, ಆ ಒದ್ದೆ ಒಣಗಿ ಬಟ್ಟೆ ಮ್ಯಾಲೆ ಬೆಳ್ಳಗೆ ಉಪ್ಪು ಕಟ್ಟಿತ್ತು."

ಅವನು ಕೆನ್ನೆಗಳನ್ನು ಅಂಗೈಯಿಂದ ಬಲವಾಗಿ ಉಜ್ಜಿಕೊಂಡ. ಗ್ರೀಸು ಮುಖಕ್ಕೆಲ್ಲ ಹರಡಿತು.

"ಪೊಲೀಸರಿಗೆ ಹೇಳಬೇಕಿತ್ತು."

"ತಂಗಿ ಅಕ್ಕ."

ಯಶೋಧರಾ ಅವನ ಮಾತನ್ನು ಒಂದೊಂದಾಗಿ ತೂಗಿದಳು. ಟೆಂಟು ಮೇಲಿತ್ತು ಎಂಬುದಕ್ಕೆ ಮೊಳೆ ಸಾಕ್ಷಿ. ಅದನ್ನು ಕೆಳಗಿಳಿಸಿದ ಕೈ ಯಾರದು, ಒಳಗೆ ಮಲಗಿದ್ದವನಿಗೆ ಎಚ್ಚರವಾಗದಂತೆ ಏನು ಮಾಡಿದ್ದರು ಎಂದು ಮೊಳೆ ಹೇಳುವುದಿಲ್ಲ. ಉಪ್ಪು ಕಟ್ಟಿದ ಬಟ್ಟೆ ಎಂದೋ ಒಗೆದು ಹೋಗಿರುತ್ತದೆ. ಅಲ್ಲಿಗೆ ಹೋಗಿದ್ದೆ ಎಂದು ಒಪ್ಪಿಕೊಂಡವನು ಇವನೊಬ್ಬನೇ. ಮಿಕ್ಕಿದ್ದೆಲ್ಲ ಇವನ ಬಾಯಿಮಾತು. ಕಥೆ ಕಟ್ಟಲು ಇವನಿಗೂ ಎರಡು ತಿಂಗಳು ಸಿಕ್ಕಿತ್ತು.

"ಇಷ್ಟೆಲ್ಲ ಗೊತ್ತಿದ್ದೂ ಅವಳನ್ನ ಮತ್ತೆ ಅಲ್ಲಿಗೇ ಕರ್ಕೊಂಡು ಹೋಗ್ತಿದ್ದೀಯಲ್ಲ?"

"ನಾನೆಲ್ಲಿ ಕರ್ಕಂಡೋಯ್ತಿದೀನಿ?" ಮಾದೇಶ್ ತಲೆ ಎತ್ತಿದ. "ಅವಳು ನನ್ನ ಕರ್ಕಂಡೋಯ್ತಾವ್ಳೆ. ಅವತ್ತು ಅವಳು ಅಲ್ಲಿದ್ಲು ಅಂತ ಗೊತ್ತಿರೋನು ನಾನೊಬ್ನೇ."

"ಬರಲ್ಲ ಅಂದುಬಿಡು."

"ಅಂದೆ."

"ಅದಕ್ಕೆ?"

"ನೀನು ಬರ್ದಿದ್ರೆ ಅತ್ತಿಗೆನ ಕರೀತೀನಿ ಅಂದ್ಲು."

ಹಿತ್ತಲ ಬಾಗಿಲು ಕಿರುಗುಟ್ಟಿತು. ಯಶೋಧರಾ ಮೊಳೆಯನ್ನು ಮುಷ್ಟಿಯೊಳಗೆ ಎಳೆದುಕೊಂಡಳು.

ದಿವ್ಯ ಅವಲಕ್ಕಿಯ ಡಬ್ಬಿ ಹಿಡಿದು ಬರುತ್ತಿದ್ದಳು. ಸಂಜೆಯ ಬೆಳಕಿನಲ್ಲಿ ಮುಖ ತೊಳೆದಷ್ಟು ಸ್ವಚ್ಛವಾಗಿತ್ತು. ಅಣ್ಣನನ್ನು ನೋಡಿದಳು, ಅತ್ತಿಗೆಯನ್ನು ನೋಡಿದಳು, ಅತ್ತಿಗೆಯ ಮುಚ್ಚಿದ ಮುಷ್ಟಿಯನ್ನು ನೋಡಿದಳು.

"ಏನಣ್ಣ, ನೆಲದ ಮೇಲೆ ಕೂತ್ಬಿಟ್ಟಿದ್ದೀಯ? ಮುಖಕ್ಕೆಲ್ಲ ಮಸಿ ಬೇರೆ."

"ಸುಸ್ತು," ಅಂದ ಮಾದೇಶ್.

"ಇವನಿಗೆ ಗಾಡಿ ಬಿಡೋದೊಂದು ಬಿಟ್ರೆ ಇನ್ನೇನೂ ಬರಲ್ಲ ಅತ್ತಿಗೆ." ದಿವ್ಯ ಡಬ್ಬಿಯನ್ನು ಸೀಟಿನ ಮೇಲಿಟ್ಟು ಅವಳ ತೋಳು ಹಿಡಿದಳು. ಕೈ ಬೆಚ್ಚಗಿತ್ತು. "ಒಬ್ಬನ್ನೇ ನೆಚ್ಕೊಂಡು ಹೋಗಕ್ಕೆ ನಂಗೂ ಯಾಕೋ ಭಯ. ಮೊದಲನೇ ರಾತ್ರಿಗಾದ್ರೂ ನೀವೂ ಬಂದ್ಬಿಡಿ. ಶನಿವಾರ ಕಾಲೇಜಿಗೆ ಒಂದು ರಜ ಹಾಕಿ ಸಾಕು. ಟೆಂಟಲ್ಲಿ ಮೂರು ಜನಕ್ಕೆ ಜಾಗ ಇದೆ."

ಮಾದೇಶ್ ಕೂತಲ್ಲಿಂದಲೇ, ತಂಗಿಗೆ ಕಾಣದ ಹಾಗೆ, ಬೇಡ ಎಂದು ತಲೆಯಾಡಿಸಿದ. ಅದು ಎಚ್ಚರಿಕೆಯೋ, ಸಾಕ್ಷಿ ಇಲ್ಲದ ಜಾಗ ಅವನಿಗೇ ಬೇಕಾಗಿತ್ತೋ, ಯಶೋಧರಾಳಿಗೆ ತಿಳಿಯಲಿಲ್ಲ. ತಿಳಿಯುವಷ್ಟು ಹೊತ್ತೂ ಇರಲಿಲ್ಲ. ಇವರಿಬ್ಬರನ್ನೇ ಕಳಿಸಿದರೆ ಆಮೆಮೂಲೆಯಿಂದ ಹಿಂದಕ್ಕೆ ಬರುವುದು ಒಬ್ಬರು. ಯಾರು ಬಂದರೂ, ಅವರು ಹೇಳಿದ್ದೇ ಕಥೆಯಾಗುತ್ತದೆ.

"ಸರಿ," ಅಂದಳು. "ನನ್ನ ಚೀಲಕ್ಕೂ ಜಾಗ ಮಾಡು ಮಾದೇಶ."

ಮಾದೇಶ್ ಎದ್ದ. ಯಾರ ಮುಖವನ್ನೂ ನೋಡದೆ, ಆಗಷ್ಟೇ ಬಿಗಿದಿದ್ದ ಗಂಟನ್ನು ಬಿಚ್ಚತೊಡಗಿದ.